ಒಂದೇ ಕುದಿ, ಎರಡು ಅಡುಗೆ

ಮಗ, ಸೊಸೆ ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ 8 ಗಂಟೆ. ದಿನವೂ ಹೋಟೆಲ್ ಪಾರ್ಸೆಲ್. ತಿಂಗಳ ಕೊನೆಗೆ ಕೈ ಖಾಲಿ. ಮೊಮ್ಮಗಳು ಕಾದು ಕಾದು ಮಲಗಿಬಿಡುತ್ತಿದ್ದಳು. ಅದಕ್ಕೇ ಅವರಿಗೆ ಬಸ್ಸಾರು ಕಲಿಸಿದೆ.

ಬೆಳಿಗ್ಗೆ ಒಂದು ಲೋಟ ಹುರುಳಿಕಾಳು ನೆನೆಹಾಕಿ. ಸಂಜೆ ಕುಕ್ಕರಿನಲ್ಲಿ ಬೇಯಿಸಿ, ದಂಟಿನ ಸೊಪ್ಪು ಸೇರಿಸಿ ಕುದಿಸಿ, ಬಸಿಯಿರಿ. ನೀರನ್ನು ಚೆಲ್ಲಬೇಡಿ, ಅದರಲ್ಲೂ ಸತ್ವವಿದೆ! ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆಗೆ ಕಾಯಿತುರಿ, ಹುಣಸೆ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ, ಆ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಜೊತೆಗೆ ಬಿಸಿ ರಾಗಿಮುದ್ದೆ.

ಈಗ ಸೊಪ್ಪು ಬಿಡಿಸುವುದು ಮೊಮ್ಮಗಳ ಕೆಲಸ. ಅಪ್ಪ ಮುದ್ದೆ ತಿರುವುವುದನ್ನು ನೋಡಲೆಂದೇ ಎದ್ದಿರುತ್ತಾಳೆ. ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ.