ಮಾಸು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹೆರಿಗೆಗಳು ಮನೆಯಲ್ಲಿಯೇ ಆಗುತ್ತಿದ್ದ ಕಾಲದಲ್ಲಿ, ಕೂಸು ಹುಟ್ಟಿದೊಡನೆ ಸೂಲಗಿತ್ತಿಯ ಕಣ್ಣು ಮಾಸಿನ ಕಡೆಗೆ ತಿರುಗುತ್ತಿತ್ತು. ಅದು ಪೂರ್ತಿಯಾಗಿ ಬೀಳದಿದ್ದರೆ ಬಾಣಂತಿಯ ಜೀವಕ್ಕೆ ಅಪಾಯವೆಂಬುದನ್ನು ಆಕೆ ಗ್ರಂಥದಿಂದ ಕಲಿತವಳಲ್ಲ. ಬಿದ್ದ ಮೇಲೆ ಅದನ್ನು ಮಣ್ಣಿನಲ್ಲಿ ಹೂಳುತ್ತಿದ್ದರು. ಒಂಬತ್ತು ತಿಂಗಳು ಕೂಸಿಗೆ ಉಸಿರೂ ಅನ್ನವೂ ಆಗಿದ್ದ ಅಂಗಕ್ಕೆ, ಬಣ್ಣಗೆಡುವುದಕ್ಕೂ ಕೊಳೆಯಾಗುವುದಕ್ಕೂ ಸಲ್ಲುವ ಮಾತನ್ನೇ ನಮ್ಮ ಜನ ಹೆಸರಾಗಿ ಇಟ್ಟುಕೊಂಡರು! ಪಂಡಿತರ ‘ಜರಾಯು’ವಿನಲ್ಲಿ ಈ ಸೊಗಸಿಲ್ಲ.

“ಈ ಗುಳಿಗೆ ಕೂಸಿಗೆ ಮುಟ್ಟುವುದೇ?” ಎಂದು ಬಸುರಿಯೊಬ್ಬಳು ಕೇಳಿದರೆ ಖಚಿತವಾಗಿ ಉತ್ತರಿಸುವುದು ವೈದ್ಯರಿಗೂ ಎಷ್ಟೋ ಸಲ ಕಷ್ಟ. ಹಾನಿಯಾದೀತೆಂಬ ಭಯದಿಂದ ಔಷಧಿಗಳ ಪರೀಕ್ಷೆಯಲ್ಲಿ ಗರ್ಭಿಣಿಯರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಪ್ರಾಣಿಗಳನ್ನು ನಂಬೋಣವೆಂದರೆ, ಮಾಸಿನ ರಚನೆ ಪ್ರಾಣಿಯಿಂದ ಪ್ರಾಣಿಗೆ ಬೇರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಇಲಿಗಳಿಗೆ ಅಷ್ಟಾಗಿ ಬಾಧಕವಲ್ಲ. ಆದರೆ 1961ರಲ್ಲಿ ಅದನ್ನು ಹಿಂತೆಗೆಯುವ ಹೊತ್ತಿಗೆ ಸಾವಿರಾರು ಕೂಸುಗಳು ಕೈಕಾಲು ಊನವಾಗಿ ಹುಟ್ಟಿದ್ದವು. ಹುಟ್ಟಿದ ಮೇಲೆ ಬಿದ್ದ ಮಾಸನ್ನು ಕೊಯ್ದು ನೋಡಿದರೆ, ಮುಗಿದ ಕೆಲಸದ ಗುರುತು ಸಿಕ್ಕೀತೇ ಹೊರತು ನಡೆಯುತ್ತಿದ್ದ ಕೆಲಸವಲ್ಲ.

ಆ ಕೆಲಸವನ್ನು ಗರ್ಭದ ಹೊರಗೆ ನಡೆಸಿ ನೋಡುವ ಉಪಾಯವೇ ‘ಚಿಪ್’. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಡಾನ್ ಹಾ ಅವರ ಬಳಗ 2016ರಲ್ಲಿ ಇಂಥದೊಂದನ್ನು ಪ್ರಕಟಿಸಿತು. ಅಂಗೈಯೊಳಗೆ ಅಡಗುವ ಪಾರದರ್ಶಕ ತುಂಡು. ಅದರಲ್ಲಿ ಎರಡು ಸಣ್ಣ ಕಾಲುವೆಗಳು, ನಡುವೆ ತೆಳುವಾದ ಪೊರೆ. ಪೊರೆಯ ತಾಯಿಯ ಕಡೆಗೆ ಮಾಸಿನ ಜೀವಕೋಶಗಳು, ಕೂಸಿನ ಕಡೆಗೆ ರಕ್ತನಾಳದ ಕೋಶಗಳು. ಒಂದು ಕಾಲುವೆಗೆ ಬಿಟ್ಟ ದ್ರವದೊಳಗಿನ ಸಕ್ಕರೆ ಇನ್ನೊಂದಕ್ಕೆ ಎಷ್ಟು ದಾಟಿತೆಂದು ಅಳೆಯಬಹುದು. 2018ರಲ್ಲಿ ಅದೇ ಬಳಗ ಮಧುಮೇಹದ ಔಷಧಿಯಾದ ಗ್ಲಿಬೆನ್‌ಕ್ಲಮೈಡನ್ನು ಹರಿಯಬಿಟ್ಟಿತು. ಬಹುಪಾಲು ಔಷಧಿ ತಾಯಿಯ ಕಡೆಯಲ್ಲಿಯೇ ಉಳಿಯಿತು. ದಾಟಲು ಬಂದ ಔಷಧಿಯನ್ನು ಮಾಸಿನ ಕೋಶಗಳೇ ಹಿಂದಕ್ಕೆ ದಬ್ಬುತ್ತಿದ್ದವು. ಆ ದಬ್ಬುವ ಶಕ್ತಿಯನ್ನು ತಡೆದಾಗ ಹೆಚ್ಚು ಔಷಧಿ ಕೂಸಿನ ಕಡೆಗೆ ಇಳಿಯಿತು. ಮಾಸು ಬರಿಯ ಜರಡಿಯಲ್ಲ, ಬಾಗಿಲು ಕಾಯುವ ಆಳು. ಟೆಕ್ಸಾಸಿನ ಗಾಲ್ವೆಸ್ಟನ್‌ನಲ್ಲಿ ರಾಮಕುಮಾರ್ ಮೆನನ್ ಅವರ ಬಳಗ ಕೂಸನ್ನು ಸುತ್ತಿದ ನೀರಿನ ಚೀಲದ ಪೊರೆಗಳನ್ನೂ ಹೀಗೆ ಚಿಪ್ಪಿನಲ್ಲಿ ಬೆಳೆಸಿ, ದಿನ ತುಂಬುವ ಮೊದಲೇ ಆಗುವ ಹೆರಿಗೆಯ ಕಾರಣ ಹುಡುಕುತ್ತಿದೆ.

ಭಾರತ ಸರ್ಕಾರ 2023ರಲ್ಲಿ ಔಷಧಿ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಇಂಥ ಚಿಪ್ಪುಗಳ ಫಲಿತಾಂಶಕ್ಕೂ ಎಡೆಮಾಡಿತು. ಆದರೂ ಚಿಪ್ಪು ಗರ್ಭವಾಗದು. ದಿನದಿನಕ್ಕೆ ಬೆಳೆದು ರೂಪ ಬದಲಿಸುವ ಮಾಸು ಅದರಲ್ಲಿಲ್ಲ; ತಾಯಿಯ ಹಸಿವು, ರಕ್ತಹೀನತೆ, ಜ್ವರಗಳಿಲ್ಲ. ಗ್ಲಿಬೆನ್‌ಕ್ಲಮೈಡಿನ ಪ್ರಯೋಗಕ್ಕೆ ಬಳಸಿದ ಕೋಶಗಳಾದರೂ ಮಾಸಿನ ಗಡ್ಡೆಯೊಂದರಿಂದ ಬಂದವು. ಆರೋಗ್ಯವಂತ ಬಾಣಂತಿಯ ಮಾಸಿನವಲ್ಲ.