ಟಾಯರಿನ ಆಯುಷ್ಯ

ನಮ್ಮ ಘತ್ತರಗಿಯಲ್ಲಿ ಮನೆಗೊಂದು ಎತ್ತಿನ ಬಂಡಿಯಿದ್ದ ಕಾಲದಲ್ಲಿ, ಗಾಲಿಗೆ ಹಳಿ ಏರಿಸುವ ದಿನವೆಂದರೆ ಹುಡುಗರಾದ ನಮಗೆ ಹಬ್ಬವೇ ಆಗಿದ್ದಿತು. ಕಮ್ಮಾರನು ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ಕಟ್ಟಿಗೆಯ ಗಾಲಿಯ ಮೇಲೆ ಕೂಡ್ರಿಸಿ, ಕೂಡಲೆ ಕೊಡಗಟ್ಟಲೆ ನೀರು ಸುರಿಯುವನು. ಹಳಿಯು ಬುಸುಗುಟ್ಟುತ್ತ ಸಂಕೋಚಗೊಂಡು ಗಾಲಿಯನ್ನು ಬಿಗಿದಪ್ಪುವದು. ಅಂಥ ಹಳಿಗೆ ಸವೆತವುಂಟೇ ಹೊರತು ವಯಸ್ಸಿಲ್ಲ. ಅಜ್ಜನು ಹಾಕಿಸಿದ ಹಳಿಯು ಮೊಮ್ಮಗನ ಕಾಲಕ್ಕೂ ಗಟ್ಟಿಯಾಗಿದ್ದರೆ ಯಾರೂ ಸೋಜಿಗಪಡುತ್ತಿರಲಿಲ್ಲ. ಈ ಲೆಕ್ಕವನ್ನೇ ನಾವು ಮೋಟಾರಿನ ಟಾಯರಿಗೂ ಹಚ್ಚಿದೆವು, ಅಲ್ಲಿಯೇ ಮೋಸಹೋದೆವು.

2013ರಲ್ಲಿ, ಶಾಲೆಯ ನೌಕರಿಯಲ್ಲಿದ್ದಾಗಲೆ, ನಾವು ಒಂದು ಆಲ್ಟೊ ಗಾಡಿಯನ್ನು ಕೊಂಡೆವು. 2018ರಲ್ಲಿ ಅದರ ನಾಲ್ಕೂ ಟಾಯರುಗಳನ್ನು ಬದಲಿಸಿದ್ದಾಯಿತು. ಅಂಗಡಿಕಾರನು ಹಿಂದಿನ ಎರಡು ಗಾಲಿಗಳಿಗೆ ‘ಹೊಸದೇ, ದರ ಮಾತ್ರ ಕಡಿಮೆ’ ಎಂದು ಒಂದು ಜೋಡಿಯನ್ನು ತೋರಿಸಿದನು. ಕಪ್ಪಗೆ ಮಿರುಗುತ್ತಿದ್ದವು, ಅಚ್ಚು ಆಳವಾಗಿದ್ದಿತು, ರಬ್ಬರಿನ ಸಣ್ಣ ಕೂದಲುಗಳು ಕೂಡ ಉದುರಿರಲಿಲ್ಲ. ದರ ಕಡಿಮೆಯಾದುದಕ್ಕೆ ಕಾರಣವನ್ನು ಕೇಳುವ ಬುದ್ಧಿ ನಮಗೆ ಆಗಲಿಲ್ಲ. ಶಾಲಾಮಾಸ್ತರರ ಸಂಸಾರ; ಉಳಿದ ದುಡ್ಡಿಗೆ ಸಂತೋಷಪಟ್ಟು ಬಂದೆವು.

2023ರ ಮೇ ತಿಂಗಳಲ್ಲಿ, ಏಳು ತಿಂಗಳ ಗರ್ಭಿಣಿಯಾದ ಮಗಳನ್ನು ಕರೆದುಕೊಂಡು ಕಲಬುರ್ಗಿಯ ದವಾಖಾನೆಗೆ ಹೊರಟಿದ್ದೆವು. ನಡುಹಗಲು. ಹಿಂದೆ ಮಗಳೂ ಅವಳ ತಾಯಿಯೂ ಕುಳಿತಿದ್ದರು. ಜೊತೆಗೆ ಬೀಗರ ಮನೆಗೆಂದು ಒಂದು ಚೀಲ ತೊಗರಿಬೇಳೆ. ಒಮ್ಮೆಲೆ ಗುಂಡು ಹಾರಿದಂತಹ ಸಪ್ಪಳವಾಗಿ ಗಾಡಿಯ ಹಿಂಭಾಗವು ತಾನೇ ಮುಂದಾಗಬೇಕೆಂಬಂತೆ ಪಕ್ಕಕ್ಕೆ ಹೊರಳಿತು. ಎದುರಿಗೆ ಬರುತ್ತಿದ್ದ ಲಾರಿಯವನು ತನ್ನ ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿದ್ದರಿಂದ ನಾವು ಉಳಿದೆವು. ಬೇವಿನ ಮರದ ಬುಡದಲ್ಲಿ ಮಗಳನ್ನು ಕೂಡ್ರಿಸಿ ನೀರು ಕುಡಿಸಿದಾಗ ಅವಳು ಆಡಿದ ಮೊದಲ ಮಾತು: “ಅಪ್ಪಾ, ಗಾಲಿ ಛಲೋ ಇತ್ತಲ್ಲಾ!”

ಇದ್ದದ್ದು ನಿಜ. ಹರಿದ ಟಾಯರಿನ ಅಚ್ಚು ಅರ್ಧಕ್ಕಿಂತ ಹೆಚ್ಚು ಉಳಿದಿದ್ದಿತು. ಪಂಕ್ಚರ್ ತಿದ್ದುವ ಹುಡುಗನೊಬ್ಬನು ಅದರ ಪಕ್ಕದ ಗೋಡೆಯನ್ನು ಬೆರಳಿನಿಂದ ಒರೆಸಿ ನಾಲ್ಕು ಅಂಕಿಗಳನ್ನು ತೋರಿಸಿದನು: 3114. “ಮಾಸ್ತರ್ರೇ, ಇದು 14ರ ಮಾಲು” ಎಂದನು. ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿದ ನಮಗೆ ಈ ನಾಲ್ಕಂಕಿಯ ಸೂತ್ರವು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲಿನ ಎರಡು ಅಂಕಿಗಳು ವಾರವನ್ನೂ ಕೊನೆಯ ಎರಡು ಅಂಕಿಗಳು ವರ್ಷವನ್ನೂ ಹೇಳುವವು. ಅಂದರೆ ಆ ಟಾಯರು 2014ರ 31ನೆಯ ವಾರದಲ್ಲಿ ಹುಟ್ಟಿದ್ದು. ನಾವು ‘ಹೊಸದು’ ಎಂದು ಕೊಂಡಾಗ ಅದಕ್ಕೆ ನಾಲ್ಕು ವರ್ಷ. ಒಡೆದಾಗ ಒಂಬತ್ತನೆಯದು ನಡೆದಿದ್ದಿತು.

ರಬ್ಬರು ಲೋಹದಂತಹ ಪದಾರ್ಥವಲ್ಲ, ಅದು ಗಿಡದ ಹಾಲು. ನಮ್ಮ ನಾಡಿನಲ್ಲಿಯೇ ಸುಳ್ಯದ ಕಡೆಗೆ ಹೋದವರು ಅದರ ತೋಟಗಳನ್ನು ಕಂಡಿರಬಹುದು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ತರುವಾಯ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿ ರಬ್ಬರಿನ ಕೆಲಸವೇ ಜೀವನಾಧಾರವಾಯಿತು. ಆ ಹಾಲಿಗೆ ಗಂಧಕವನ್ನು ಕೂಡಿಸಿ ಬೇಯಿಸುವ ಯುಕ್ತಿಯನ್ನು ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಹಿಡಿದನು. ಗಾಳಿ ತುಂಬಿದ ಟಾಯರನ್ನು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪನು ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಮಾಡಿದನು. ಥಾಮ್ಸನ್ ಎಂಬವನು 1845ರಲ್ಲಿಯೇ ಇಂಥದಕ್ಕೆ ಹಕ್ಕುಪತ್ರ ಪಡೆದಿದ್ದರೂ ಲೋಕವು ಅವನನ್ನು ಮರೆತುಬಿಟ್ಟಿತ್ತು. ಇಂದಿನ ಟಾಯರಿನಲ್ಲಿ ಗಿಡದ ರಬ್ಬರಿನೊಡನೆ ಕೃತಕ ರಬ್ಬರು, ಮಸಿ, ಉಕ್ಕಿನ ತಂತಿ, ನೂಲು ಎಲ್ಲವೂ ಉಂಟು. ಆದರೂ ಅದರ ಸ್ವಭಾವ ಬದಲಾಗಿಲ್ಲ. ಗಾಳಿಯಲ್ಲಿಯ ಆಮ್ಲಜನಕ, ಓಝೋನ್, ಬಿಸಿಲು ಇವು ಮೂರೂ ಕೂಡಿ ಅದನ್ನು ದಿನದಿನಕ್ಕೆ ಒಣಗಿಸಿ ಬಿರುಸುಗೊಳಿಸುವವು. ಇದನ್ನು ತಡೆಯಲು ಬೆರೆಸಿದ ಮೇಣವು ಟಾಯರು ಉರುಳುವಾಗ ಬಾಗಿ ಬಳುಕಿದರೆ ಚೆನ್ನಾಗಿ ಮೈಮೇಲೆ ಒಸರುವದು. ಆದಕಾರಣ ಜೋಪಾನವಾಗಿ ನಿಲ್ಲಿಸಿಟ್ಟ ಗಾಡಿಯ ಟಾಯರೇ ಬೇಗ ಬಿರಿಯುವದು! ಅಮಾವಾಸ್ಯೆಗೊಮ್ಮೆ ಹೊರಗೆ ತೆಗೆಯುವ ಗೃಹಸ್ಥರ ಗಾಡಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುವದು. ಮೇಲಾಗಿ ನಮ್ಮದು ಭೀಮಾತೀರದ ಬಿಸಿಲು. ಅಂಗಳಕ್ಕೆ ಹಾಸಿದ ಶಹಾಬಾದಿ ಕಲ್ಲು ಮೇ ತಿಂಗಳಲ್ಲಿ ಹೆಂಚಿನಂತೆ ಕಾಯುವದು. ಗಾಡಿ ತಯಾರಿಸುವವರಲ್ಲಿ ಕೆಲವರು ಆರು ವರ್ಷಕ್ಕೆ ಟಾಯರನ್ನು ಬದಲಿಸಿರೆನ್ನುವರು. ಟಾಯರು ತಯಾರಿಸುವವರಲ್ಲಿ ಕೆಲವರು ಹತ್ತು ವರ್ಷಗಳನ್ನು ಕೊನೆಯ ಮೇರೆಯೆನ್ನುವರು. ಈ ಸೀಮೆಗೆ ಆರೇ ಸರಿಯೆಂದು ನಮ್ಮ ಮತ. ಅಚ್ಚು ಎಷ್ಟೇ ಇರಲಿ.

ಕೊಳ್ಳುವಾಗ ಮೊದಲು ಆ ನಾಲ್ಕಂಕಿಗಳನ್ನು ಓದತಕ್ಕದ್ದು. ಕೆಲವೊಮ್ಮೆ ಅವು ಟಾಯರಿನ ಒಂದೇ ಬದಿಗೆ ಇರುವವಾದ್ದರಿಂದ ಎರಡೂ ಕಡೆ ಹೊರಳಿಸಿ ನೋಡಬೇಕು. ಆರು ತಿಂಗಳೊಳಗಿನ ಮಾಲು ಸಿಕ್ಕರೆ ಉತ್ತಮ. ಒಂದು ವರ್ಷ ಮೀರಿದ್ದರೆ ಬೇರೆಯದನ್ನು ಕೇಳಲು ಸಂಕೋಚ ಬೇಡ. ಬಳಸಿದ ಟಾಯರಿಗೆ ಮತ್ತೆ ಗೆರೆ ಕೊರೆದು, ಬಣ್ಣ ಬಳಿದು ಮಾರುವದೂ ಉಂಟು. ಅದನ್ನು ಬಿಟ್ಟಿ ಕೊಟ್ಟರೂ ಒಲ್ಲೆನೆನ್ನಬೇಕು.

ಇನ್ನು ಅಳತೆ. ನಮ್ಮ ಗಾಡಿಯ ಟಾಯರಿನ ಮೇಲೆ 145/80 ಆರ್ 12 ಎಂದಿರುವದು. 145 ಎಂದರೆ ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಪಕ್ಕದ ಗೋಡೆಯ ಎತ್ತರವು ಆ ಅಗಲದ ನೂರಕ್ಕೆ 80 ಪಾಲು, ಅಂದರೆ 116 ಮಿಲಿಮೀಟರು. 12 ಎಂದರೆ ಒಳಗಿನ ಚಕ್ರದ ವ್ಯಾಸ, ಅಂಗುಲದಲ್ಲಿ. ‘ಆರ್’ ಎಂಬದು ರೇಡಿಯಲ್ ಶಬ್ದದ ಮೊದಲಕ್ಷರ. ಒಳಗಿನ ನೂಲುಗಳು ನಮ್ಮ ಬಂಡಿಯ ಅರಗಳಂತೆ ನಾಭಿಯ ದಿಕ್ಕಿಗೆ ಹೋಗುವವೆಂದು ಅರ್ಥ. ಮುಂದೆ 74 ಎಂದಿದ್ದರೆ ಒಂದೊಂದು ಟಾಯರು 375 ಕಿಲೋ ಭಾರವನ್ನು ಹೊರಬಲ್ಲದೆಂದು ತಿಳಿಯಬೇಕು. ತರುಣರು ಶೋಭೆಗಾಗಿ ಅಗಲವಾದ ಟಾಯರುಗಳನ್ನು ಹಾಕಿಸುವರು. ಅವು ಚಕ್ರಬಾಗಿಲಿಗೆ ತಿಕ್ಕಿ, ಎಣ್ಣೆ ಹೆಚ್ಚು ಕುಡಿದು, ವೇಗ ತೋರಿಸುವ ಮುಳ್ಳಿಗೂ ಸುಳ್ಳು ಹೇಳಿಸುವವು. ಕಂಪನಿಯು ಹೇಳಿದ ಅಳತೆಯನ್ನು ನಾವಂತೂ ಬಿಡೆವು. ಟಾಯರು ಬದಲಿಸುವಾಗ ಗಾಳಿ ತುಂಬುವ ರಬ್ಬರಿನ ಮೂತಿಯನ್ನೂ ಬದಲಿಸಿಕೊಳ್ಳಿರಿ. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಹಣದ ಅಡಚಣೆಯಿಂದ ಎರಡೇ ಕೊಳ್ಳುವದಾದರೆ ಹೊಸವನ್ನು ಎಲ್ಲಿಗೆ ಹಾಕತಕ್ಕದ್ದು? ಎಂಜಿನ್ನು ಎಳೆಯುವದು ಮುಂದಿನ ಗಾಲಿಗಳನ್ನು, ಆದ್ದರಿಂದ ಮುಂದಕ್ಕೆಂದು ಬಹುಜನರ ಎಣಿಕೆ. ಇದು ತಪ್ಪು. ಮುಂದಿನ ಗಾಲಿ ಹಿಡಿತ ತಪ್ಪಿದರೆ ಗಾಡಿ ನೆಟ್ಟಗೆ ಜಾರುವದು. ವೇಗವನ್ನು ತಗ್ಗಿಸಿ ಸಾವರಿಸಬಹುದು. ಹಿಂದಿನದು ತಪ್ಪಿದರೆ ಗಾಡಿಯೇ ತಿರುಗುವದು, ಅದನ್ನು ತಡೆಯುವದು ನಮ್ಮಂಥವರ ಕೈಲಾಗದ ಮಾತು. ನಾವು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಹೊಸ ಜೋಡಿಯು ಹಿಂದಕ್ಕೇ ಇರಲಿ. ಚೆನ್ನಾಗಿರುವ ಹಳೆಯದು ಮುಂದಕ್ಕೆ ಬರಲಿ.

ಗಾಳಿಯ ವಿಷಯ ಎಲ್ಲಕ್ಕಿಂತ ಮಹತ್ವದ್ದು. ಆ ದಿನ ನಮ್ಮ ಟಾಯರು ಒಡೆದುದಕ್ಕೆ ಮುಪ್ಪು ಒಂದು ಕಾರಣ, ಗಾಳಿ ಕಡಿಮೆಯಿದ್ದುದು ಇನ್ನೊಂದು. ಗಾಳಿ ಕಡಿಮೆಯಾದರೆ ಪಕ್ಕದ ಗೋಡೆಯು ಪ್ರತಿಯೊಂದು ಸುತ್ತಿಗೂ ಅತಿಯಾಗಿ ಮಡಿಚಿ ಬಿಚ್ಚುವದು. ತಂತಿಯನ್ನು ಮೇಲೆಕೆಳಗೆ ಬಾಗಿಸುತ್ತ ಹೋದರೆ ಬಿಸಿಯಾಗಿ ತುಂಡಾಗುವಂತೆಯೇ ಅದೂ ಒಳಗೊಳಗೇ ಕಾಯ್ದು ಪದರು ಬಿಡುವದು. ಹೆಚ್ಚು ಭಾರ, ಹೆಚ್ಚು ವೇಗ, ಕಾದ ರಸ್ತೆ ಇವು ಕೂಡಿದರೆ ಕೇಳುವದೇ ಬೇಡ. ಬೇಸಿಗೆಯಲ್ಲಿ ಒಡೆದೀತೆಂದು ಗಾಳಿಯನ್ನು ಕಡಿಮೆ ಮಾಡಿಸುವ ರೂಢಿಯೊಂದು ನಮ್ಮ ಕಡೆಗೆ ಉಂಟು. ರೋಗವನ್ನೇ ಔಷಧವೆಂದು ಕುಡಿದಂತೆ ಅದು. ಎಷ್ಟು ತುಂಬಬೇಕೆಂಬದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಬರೆದಿರುವದು. ಟಾಯರಿನ ಮೇಲೆ ಬರೆದ ದೊಡ್ಡ ಸಂಖ್ಯೆಯು ಅದರ ಗರಿಷ್ಠ ಮಿತಿಯೇ ಹೊರತು ನಿತ್ಯದ ಪ್ರಮಾಣವಲ್ಲ. ಅಳೆಯುವದು ಮುಂಜಾನೆ, ಗಾಡಿ ಓಡಿಸುವ ಮೊದಲು. ಏಕೆಂದರೆ ಉಷ್ಣವು ಐದಾರು ಅಂಶ ಏರಿದಂತೆ ಒತ್ತಡವು ಸುಮಾರು ಒಂದು ಪೌಂಡು ಏರುವದು. ಅಂಗಡಿಯ ಮಾಪಕಗಳು ಒಂದೊಂದು ಒಂದೊಂದು ಮಾತನ್ನಾಡುವದರಿಂದ ನಾವು ಸ್ವಂತದ್ದನ್ನೇ ಕೊಂಡಿದ್ದೇವೆ. ಏಕಾದಶಿಗೊಮ್ಮೆ ಅಳೆಯುವ ನೇಮ. ಶುದ್ಧ ಸಾರಜನಕವನ್ನು ತುಂಬುವೆವೆಂದು ಹಣ ಕೇಳುವವರಿಗೆ, ಸಾಧಾರಣ ಗಾಳಿಯಲ್ಲಿಯೂ ನೂರಕ್ಕೆ 78 ಪಾಲು ಸಾರಜನಕವೇ ಎಂದು ನೆನಪು ಮಾಡಿಕೊಡಬಹುದು.

ಸವೆತವು ತಾನೇ ಮಾತನಾಡುವದು. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಗಾಲಿಗಳ ನೇರ ತಪ್ಪಿದೆ. ಗೆರೆಗಳ ತಳದಲ್ಲಿ ಸಣ್ಣ ದಿಂಡುಗಳುಂಟು. ಅಚ್ಚು ಅವುಗಳ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರು ಉಳಿದಂತೆ, ಅಂದಿಗೆ ಅದರ ಋಣ ತೀರಿತು. ಎರೆಮಣ್ಣು ಮೆತ್ತಿದ ಮಳೆಗಾಲದ ರಸ್ತೆಯಲ್ಲಿ ನೀರನ್ನು ಹೊರಗೆ ತಳ್ಳುವವು ಆ ಗೆರೆಗಳೇ. ಜಾಲಿಯ ಮುಳ್ಳು ನಮ್ಮ ಸೀಮೆಯ ನಿತ್ಯದ ಉಪದ್ರವ: ಟ್ಯೂಬಿಲ್ಲದ ಟಾಯರಿನಲ್ಲಿ ಅದು ನೆಟ್ಟರೆ ಗಾಳಿಯು ಕೂಡಲೆ ಹೋಗದೆ ವಾರಗಟ್ಟಲೆ ಸೋರುವದರಿಂದ, ಕಣ್ಣಿಗೆ ಕಾಣುವದು ಮಾಪಕದಲ್ಲಿಯೇ. ಅಚ್ಚಿನ ಭಾಗದ ತೂತನ್ನು ಮುಚ್ಚಿಸಬಹುದು. ಪಕ್ಕದ ಗೋಡೆಯ ಗಾಯಕ್ಕೆ ಚಿಕಿತ್ಸೆಯಿಲ್ಲ. ಮಹಾನವಮಿಯ ಪೂಜೆಗೆಂದು ಟಾಯರಿಗೆ ಸೀಮೆಎಣ್ಣೆ ಸವರಿ ಮಿರುಗಿಸುವವರುಂಟು. ಎಣ್ಣೆಯು ರಬ್ಬರನ್ನು ಉಬ್ಬಿಸಿ ಕೆಡಿಸುವದು. ಗಾಲಿಯ ಕೆಳಗಿನ ನಿಂಬೆಹಣ್ಣಿಗೆ ನಮ್ಮ ಆಕ್ಷೇಪವಿಲ್ಲ.

ಕೊನೆಗೆ ಐದನೆಯ ಗಾಲಿಯ ಮಾತೊಂದು ಉಳಿಯಿತು. ಆ ಮಧ್ಯಾಹ್ನ ಒಡೆದ ಟಾಯರನ್ನು ತೆಗೆದು, ಡಿಕ್ಕಿಯಲ್ಲಿದ್ದ ಗಾಲಿಯನ್ನು ಏರಿಸಿಕೊಂಡು, ಭಾಗ್ಯವಂತಿದೇವಿಗೆ ಮನದಲ್ಲಿಯೇ ಕೈಮುಗಿದು, ಮಗಳನ್ನು ಅದರ ಮೇಲೆಯೇ ಕಲಬುರ್ಗಿಗೆ ಮುಟ್ಟಿಸಿದೆವು. ದವಾಖಾನೆಯಲ್ಲಿ ಎಲ್ಲವೂ ಕ್ಷೇಮವೆಂದರು. ಎರಡು ತಿಂಗಳಿಗೆ ಮೊಮ್ಮಗಳು ಹುಟ್ಟಿದಳು. ಎಷ್ಟೋ ದಿನಗಳ ಮೇಲೆ, ಹೊಸ ಟಾಯರುಗಳನ್ನು ಹಾಕಿಸಿಯಾದ ಬಳಿಕ, ಡಿಕ್ಕಿಯನ್ನು ಝಾಡಿಸುವಾಗ ಆ ಐದನೆಯ ಗಾಲಿಯ ಅಂಕಿಗಳನ್ನೂ ಓದಬೇಕೆನಿಸಿತು. ಬ್ಯಾಟರಿ ಹಿಡಿದು ನೋಡಿದೆವು. 1013 ಎಂದಿದ್ದಿತು. ಈ ಸಂಗತಿಯನ್ನು ಮಗಳಿಗೆ ಇದುವರೆಗೆ ಹೇಳಿಲ್ಲ. ಮಾಸಪತ್ರಿಕೆಯು ಅವಳ ಮನೆಗೂ ಹೋಗುವದರಿಂದ ಇನ್ನು ತಿಳಿಯುವದು.