ಪರೇಲಿನಲ್ಲಿ ಪತಂಜಲಿ

ಮುಂಬೈಯ ಪರೇಲಿನ ಕೆಇಎಂ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಯೋಗಸೂತ್ರಗಳ ಪತಂಜಲಿ ಬಂದು ಅರ್ಧ ಶತಮಾನ ದಾಟಿತು. ಡಾ. ಎನ್.ಎಸ್. ವಾಹಿಯಾ ಮತ್ತು ಸಂಗಡಿಗರು ಆತಂಕದಿಂದ ಬಳಲುವವರಿಗೆ ಆಸನ, ಪ್ರಾಣಾಯಾಮದಿಂದ ಹಿಡಿದು ಧಾರಣೆ, ಧ್ಯಾನದವರೆಗೆ ಎಲ್ಲವನ್ನೂ ಚಿಕಿತ್ಸೆಯಾಗಿಯೇ ಕಲಿಸಿದರು. ಲೋಣಾವಳದ ಕೈವಲ್ಯಧಾಮದ ವಿನೇಕರ್ ಜತೆ ಬರೆದ ಪ್ರಬಂಧ 1966ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಬಂತು. ಆಮೇಲೆ ಅವರು ಇನ್ನೊಂದು ಜಾಣ ಪರೀಕ್ಷೆ ಮಾಡಿದರು: ಒಂದು ಗುಂಪಿಗೆ ಪೂರ್ತಿ ಕ್ರಮ, ಇನ್ನೊಂದಕ್ಕೆ ನೋಡಲಷ್ಟೇ ಯೋಗದಂತಿರುವ ಅಭ್ಯಾಸ. ಹೆಚ್ಚು ಚೇತರಿಸಿಕೊಂಡವರು ಮೊದಲ ಗುಂಪಿನವರು. ಮೈ ಬಗ್ಗಿಸಿದ ಮಾತ್ರಕ್ಕೆ ಮನಸ್ಸು ಬಗ್ಗುವುದಿಲ್ಲ, ಸರಿಯೇ.

ವಾಹಿಯಾ ಅವರ ಕಾಲಕ್ಕೆ ಇಲ್ಲದಿದ್ದ ಒಂದು ಪದ್ಧತಿ ಈಗ ಚಾಲ್ತಿಯಲ್ಲಿದೆ: ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್. ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ರೂಪಿಸಿದ್ದು. ಅದರ ಪ್ರಕಾರ ಮನಸ್ಸು ಒಂದಲ್ಲ, ಒಂದು ಕೂಡುಕುಟುಂಬ. ಒಳಗೆ ಶಿಸ್ತಿನ ಯಜಮಾನರಿದ್ದಾರೆ, ಬೆಂಕಿ ಆರಿಸಲು ಓಡುವವರಿದ್ದಾರೆ, ಅಟ್ಟದ ಮೇಲೆ ಅಡಗಿಸಿಟ್ಟ ಗಾಯಗೊಂಡ ಮಕ್ಕಳಿದ್ದಾರೆ.

ಆಫೀಸಿನಲ್ಲಿ ಬೈಸಿಕೊಂಡು, ಲೋಕಲ್ ರೈಲಿನಲ್ಲಿ ಜೋತಾಡಿ ಡೊಂಬಿವಲಿಯ ಮನೆಗೆ ಬಂದು ಮಕ್ಕಳ ಮೇಲೆ ರೇಗುವವನೊಬ್ಬನನ್ನು ಊಹಿಸಿಕೊಳ್ಳಿ. ಚಿಕಿತ್ಸಕಿ ‘ಕೋಪ ಬಿಡಿ’ ಅನ್ನುವುದಿಲ್ಲ. ‘ಆ ಕೋಪ ಮೈಯಲ್ಲಿ ಎಲ್ಲಿ ಕೂತಿದೆ?’ ಎನ್ನುತ್ತಾಳೆ. ಎದೆಯಲ್ಲಿ. ‘ಅದನ್ನು ಕಂಡರೆ ನಿಮಗೇನನಿಸುತ್ತದೆ?’ ಅಸಹ್ಯ. ಹಾಗಾದರೆ ಅಸಹ್ಯಪಡುತ್ತಿರುವುದೂ ಇನ್ನೊಂದು ಭಾಗವೇ. ಅದಕ್ಕೂ ಒಂದಿಷ್ಟು ಸರಿದು ಕೂರಲು ಕೇಳಿಕೊಳ್ಳಬೇಕು. ಹೀಗೆ ಒಂದೊಂದೇ ಸರಿದ ಮೇಲೆ ಉಳಿಯುವ ಶಾಂತ ಕುತೂಹಲವನ್ನು ಶ್ವಾರ್ಟ್ಸ್ ‘ಸೆಲ್ಫ್’ ಎಂದರು.

ನಮ್ಮವರಿಗೆ ತಟ್ಟನೆ ಪತಂಜಲಿಯ ದ್ರಷ್ಟಾ, ಅಂದರೆ ಒಳಗೆ ಬರೀ ನೋಡುವವನು, ನೆನಪಾಗುತ್ತಾನೆ. ಯೋಗಸೂತ್ರಗಳ ಕೊನೆಯ ಭಾಗವಾದ ಕೈವಲ್ಯಪಾದದಲ್ಲಿ ಅಸ್ಮಿತೆಯಿಂದ, ಅಂದರೆ ‘ನಾನು’ ಎಂಬ ಭಾವದಿಂದ, ಹುಟ್ಟುವ ಹಲವು ಚಿತ್ತಗಳ ಮಾತೂ ಇದೆ. ಆದರೆ ಭಾಷ್ಯಕಾರರು ಅದನ್ನು ಯೋಗಿಯ ಸಿದ್ಧಿಯೆಂದು ಓದಿದರೇ ಹೊರತು ಮನೆಮನೆಯ ಕಥೆಯೆಂದಲ್ಲ. ಪತಂಜಲಿ, ಶ್ವಾರ್ಟ್ಸ್ ಇಬ್ಬರೂ ಹೇಳುವುದು ಒಂದೇ ಎನ್ನುವ ಉತ್ಸಾಹ ನನಗಿಲ್ಲ. ಪತಂಜಲಿಯ ಪುರುಷ, ಅಂದರೆ ಆ ದ್ರಷ್ಟಾ, ನೋಡುತ್ತಾನೆ, ಅಷ್ಟೇ, ಸಂತೈಸುವುದಿಲ್ಲ. ಮೈತ್ರಿ, ಕರುಣೆಗಳು ಚಿತ್ತದ ಕೆಲಸ. ಶ್ವಾರ್ಟ್ಸ್‌ರ ಸೆಲ್ಫ್ ಮಾತ್ರ ಅಳುವ ಮಗುವನ್ನು ಎತ್ತಿಕೊಳ್ಳುತ್ತದೆ.

ಧ್ಯಾನಿಗಳಿಗೆ ಬೇಕಾದದ್ದು ಈ ವ್ಯತ್ಯಾಸವೇ. ಬೆಳಗಿನ ಐದಕ್ಕೆ ಕಣ್ಣುಮುಚ್ಚಿ ಕೂತವನು ದ್ರಷ್ಟಾ ಆಗಿರಬೇಕೆಂದೇನಿಲ್ಲ. ‘ಅಳಬೇಡ, ಸುಮ್ಮನಿರು’ ಎಂದು ಗದರುವ ಒಳಗಿನ ಯಜಮಾನನೇ ಪದ್ಮಾಸನ ಹಾಕಿರಬಹುದು. ಹಾಗೆ ಅದುಮಿಟ್ಟದ್ದು ಸಂಜೆ ಮಕ್ಕಳ ಮೇಲೆ ಹಾಯುತ್ತದೆ.

ಆದರೆ ಅಟ್ಟದ ಬಾಗಿಲನ್ನು ಮೊಬೈಲ್ ಆ್ಯಪ್ ನಂಬಿ ಒಬ್ಬರೇ ತೆರೆಯುವುದು ಬೇಡ. ಹಳೆಯ ಆಘಾತವಿದ್ದವರಿಗೆ ಜತೆಗೆ ನುರಿತವರಿರಬೇಕು. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.